ೞಕಾರದ ಠಾವು

ಸುಲೇಪೇಟದಿಂದ ಸೇಡಂ ಮಾರ್ಗವಾಗಿ ಕಾಗಿಣಾ ತೀರದ ಮಳಖೇಡಕ್ಕೆ ಬಂದು, ಇದೇ ರಾಷ್ಟ್ರಕೂಟರ ಮಾನ್ಯಖೇಟವೆಂದೂ, ಅಮೋಘವರ್ಷ ನೃಪತುಂಗನ ಆಸ್ಥಾನದ ಶ್ರೀವಿಜಯನು ಸುಮಾರು 850ರ ವೇಳೆಗೆ ‘ಕವಿರಾಜಮಾರ್ಗ’ವನ್ನು ರಚಿಸಿದ್ದು ಈ ರಾಜಧಾನಿಯ ಆಶ್ರಯದಲ್ಲಿಯೇ ಎಂದೂ ನೆನೆಯುವ ಕನ್ನಡಿಗನು, ಆ ಕಾಲದ ಕನ್ನಡದಲ್ಲಿದ್ದು ಇಂದು ಈ ನದಿಯ ಎರಡು ದಡಗಳಲ್ಲಿಯೂ ಕೇಳಿಬಾರದ ಒಂದು ಧ್ವನಿಯನ್ನೂ ನೆನೆಯತಕ್ಕದ್ದು. ಅದು ೞಕಾರ. ತಮಿಳರು ತಮ್ಮ ಭಾಷೆಯ ಹೆಸರಿನ ಕೊನೆಯಲ್ಲಿಯೇ ಅದನ್ನು ಇಂದಿಗೂ ಉಚ್ಚರಿಸುತ್ತಾರೆ. ನಮ್ಮಲ್ಲಿಯೂ ಮಳೆಯು ಒಂದು ಕಾಲಕ್ಕೆ ಮೞೆಯಾಗಿದ್ದಿತು, ಬಾಳು ಬಾೞ್ ಆಗಿದ್ದಿತು. ಗದ್ದೆಯು ಗೞ್ದೆಯೂ ಕತ್ತೆಯು ಕೞ್ತೆಯೂ ಆಗಿದ್ದುವು.

ಚಿತ್ತಾಪುರದ ಬಳಿಯ ನಾಗಾವಿಯ ಘಟಿಕಾಸ್ಥಾನದಲ್ಲಿ ಗ್ರಂಥಗಳನ್ನು ಕಾಯಲೆಂದೇ ಆರು ಮಂದಿ ಸರಸ್ವತೀ ಭಂಡಾರಿಗರು ನಿಯುಕ್ತರಾಗಿದ್ದರೆಂದು 1058ರ ಶಾಸನವು ಸಾರುತ್ತದೆ. ವಿದ್ಯೆಗೆ ಇಷ್ಟು ಆದರವಿದ್ದ ಆ ಶತಮಾನಗಳಲ್ಲಿಯೇ ೞಕಾರವು ಜನರ ನಾಲಗೆಯಿಂದ ಜಾರುತ್ತಲಿದ್ದಿತು. ಲಿಪಿಕಾರರು ಒಮ್ಮೆ ೞ ಎಂದೂ ಮತ್ತೊಮ್ಮೆ ಳ ಎಂದೂ, ವ್ಯಂಜನದ ಹಿಂದೆ ರ ಎಂದೂ ಬರೆಯುವ ಗೊಂದಲವು ಶಾಸನಗಳಲ್ಲಿ ಕಂಡುಬರುತ್ತದೆ. ಹದಿಮೂರನೆಯ ಶತಮಾನದ ವೈಯಾಕರಣ ಕೇಶಿರಾಜನು ೞಕಾರವನ್ನು ರೞವೆಂದು ಕರೆದು, ಕುಳ ಕ್ಷಳಗಳೆಂಬ ಳಕಾರಗಳಿಂದ ಬೇರ್ಪಡಿಸಿ, ಯಾವ ಯಾವ ಶಬ್ದಗಳಲ್ಲಿ ಇದು ಬರುವುದೆಂದು ಪಟ್ಟಿ ಮಾಡಿಕೊಡಬೇಕಾಯಿತು. ಕಿವಿಗೆ ಭೇದವು ತಿಳಿಯುವ ಕಾಲವಾಗಿದ್ದರೆ ಅಂತಹ ಪಟ್ಟಿಯ ಅಗತ್ಯವೇ ಬೀಳುತ್ತಿರಲಿಲ್ಲ. ಕಿಟೆಲರು 1894ರ ತಮ್ಮ ನಿಘಂಟಿನಲ್ಲಿ ಇದರ ಪ್ರತ್ಯೇಕತೆಯನ್ನು ಉಳಿಸಿದರು.

ಹೀಗೆ ಕಲ್ಲಿನಿಂದ ಓಲೆಗೆ, ಓಲೆಯಿಂದ ಅಚ್ಚಿನ ಮೊಳೆಗೆ ಸಾಗಿಬಂದ ಅಕ್ಷರವು ಗಣಕಯಂತ್ರದ ಬಾಗಿಲಿಗೆ ಬಂದಾಗ ವಿಚಿತ್ರವೊಂದು ಜರುಗಿತು. ಯಂತ್ರಕ್ಕೆ ಅಕ್ಷರದ ಆಕಾರವೂ ತಿಳಿಯದು, ನಾದವೂ ತಿಳಿಯದು; ಅದು ಬಲ್ಲುದು ಸಂಖ್ಯೆಯೊಂದನ್ನೇ. ಲೋಕದ ಲಿಪಿಗಳಿಗೆಲ್ಲ ಸಂಖ್ಯೆಗಳನ್ನು ಹಂಚಿದ ಯೂನಿಕೋಡ್ ವ್ಯವಸ್ಥೆಯು ಭಾರತದ ಲಿಪಿಗಳ ಮಟ್ಟಿಗೆ 1988ರ ಇಸ್ಕಿ ಸಂಕೇತಕ್ರಮವನ್ನು ಅನುಸರಿಸಿ, ಒಂದೊಂದು ಲಿಪಿಗೆ 128 ಮನೆಗಳ ಒಂದೊಂದು ಕೇರಿಯನ್ನು ಕೊಟ್ಟು, ಸಮಾನ ಧ್ವನಿಯ ಅಕ್ಷರಗಳು ಎಲ್ಲ ಕೇರಿಗಳಲ್ಲಿಯೂ ಸಮಾನ ಸ್ಥಾನದಲ್ಲಿರುವಂತೆ ಏರ್ಪಡಿಸಿತು. ತಮಿಳಿನ ೞಕಾರಕ್ಕೆ ಅದರ ಳಕಾರ ವಕಾರಗಳ ನಡುವೆ 2996ನೆಯ ಸಂಖ್ಯೆ ದೊರೆಯಿತು. ಮಲಯಾಳಕ್ಕೂ ಅದೇ ಸಾಲು. ತೆಲುಗಿಗೆ ತಡವಾಗಿಯಾದರೂ 2014ರಲ್ಲಿ ಅದೇ ಸಾಲು. ಕನ್ನಡದಲ್ಲಿ ಳಕಾರವು 3251, ವಕಾರವು 3253. ನಡುವಣ 3252 ಇಂದಿಗೂ ಬರಿದು. ನಮ್ಮ ೞಕಾರವು ಸ್ವರಚಿಹ್ನೆಗಳನ್ನೂ ದಾಟಿ ದೂರದ 3294ರಲ್ಲಿ ನೆಲೆಸಿದೆ. ಅಷ್ಟೇ ಅಲ್ಲ, ಅಧಿಕೃತ ಪಟ್ಟಿಯಲ್ಲಿ ಅದರ ಹೆಸರು ‘ಕನ್ನಡ ಲೆಟರ್ ಫಾ’ ಎಂದಿದೆ! ನಾವು ‘ಫ್ಯಾನ್’ ‘ಫೋಟೋ’ಗಳಿಗೆ ಫಕಾರದಡಿ ಚುಕ್ಕೆಯಿಟ್ಟು ಬರೆಯುವ ಧ್ವನಿಗೂ, ನೃಪತುಂಗನ ಕಾಲದ ಈ ಅಕ್ಷರಕ್ಕೂ ಏನೇನೂ ಸಂಬಂಧವಿಲ್ಲ.

ತಪ್ಪು ತಿಳಿದುಬಂದರೂ ಹೆಸರನ್ನು ಅಳಿಸುವಂತಿರಲಿಲ್ಲ. ಒಮ್ಮೆ ಕೊಟ್ಟ ಸಂಖ್ಯೆಯನ್ನಾಗಲಿ ಹೆಸರನ್ನಾಗಲಿ ಮುಂದೆ ಬದಲಿಸಲಾಗದೆಂಬುದು ಆ ವ್ಯವಸ್ಥೆಯ ನಿಯಮ. ಲೋಕದಾದ್ಯಂತ ಸಿದ್ಧವಾದ ಪಠ್ಯಗಳೂ ತಂತ್ರಾಂಶಗಳೂ ಅವನ್ನೇ ನಂಬಿರುವುದರಿಂದ ಈ ಕಠೋರತೆಯನ್ನು ನಾನು ಆಕ್ಷೇಪಿಸಲಾರೆ. ಆದುದರಿಂದ ಹಳೆಯ ಹೆಸರಿನ ಪಕ್ಕದಲ್ಲಿ ತಿದ್ದುಪಡಿಯ ಉಪನಾಮವಾಗಿ ೞಕಾರದ ನಿಜವಾದ ಹೆಸರನ್ನು ಸೇರಿಸಿ, ಇದ್ದುದು ಪ್ರಮಾದವೆಂದು ನಮೂದಿಸಿದರು. ಹೆಸರಿಗಿಂತ ನನಗೆ ಹೆಚ್ಚು ವ್ಯಥೆಯನ್ನುಂಟುಮಾಡುವುದು ನಮ್ಮ ಬಳಕೆ. ಸಂಖ್ಯಾಕ್ರಮದಲ್ಲಿಯೇ ಶಬ್ದಗಳನ್ನು ಜೋಡಿಸುವ ತಂತ್ರಾಂಶವು ೞಕಾರವುಳ್ಳ ಪದಗಳನ್ನು ಎಲ್ಲಿಯೋ ಕೊನೆಗೆ ನೂಕುತ್ತದೆಂಬುದು ನಿಜ, ಅದನ್ನು ಸರಿಪಡಿಸಲು ಉಪಾಯವುಂಟು. ಆದರೆ ಶಾಸನಪಾಠವನ್ನು ಬೆರಳಚ್ಚು ಮಾಡುವವರು ಕೀಲಿ ಸಿಕ್ಕದೆಂದು ಮೞೆಯನ್ನು ಮಳೆಯಾಗಿಸಿಬಿಟ್ಟರೆ, ಸಾವಿರ ವರ್ಷದ ಹಿಂದಿನ ಲಿಪಿಕಾರನು ತಿಳಿದು ಬರೆದನೋ ತಪ್ಪಿ ಬರೆದನೋ ಎಂಬ ವಿಮರ್ಶೆಗೆ ಆಧಾರವೇ ಉಳಿಯದು.

ಹಳೆಗನ್ನಡದ ಇನ್ನೊಂದು ಚಿಹ್ನೆಯ ವಿಷಯದಲ್ಲಿ ಹೆಸರಿನ ಇಂತಹ ಪ್ರಮಾದವಾಗಲಿಲ್ಲ. ಪದಾಂತ್ಯದ ನ್‌ಕಾರಕ್ಕೆ ಹಿಂದಿನವರು ಬಳಸುತ್ತಿದ್ದ ನಕಾರಪೊಲ್ಲು 2021ರಲ್ಲಿ, ತನ್ನ ನಿಜವಾದ ಹೆಸರಿನಿಂದಲೇ, ೞಕಾರದ ನೆರೆಮನೆಯಾದ 3293ಕ್ಕೆ ಬಂದು ಸೇರಿತು.