ಗರಸುದಾರಿ ಸೈಕಲ್ ಸವಾರಿ

ಡಾಂಬರು ಬಿಟ್ಟು ಗರಸು, ಮಣ್ಣಿನ ಹಾದಿಗಳಲ್ಲಿ ಮಾಡುವ ದೂರದ ಸೈಕಲ್ ಸವಾರಿ. ಇದಕ್ಕೆ ಬಳಸುವ ಗ್ರ್ಯಾವೆಲ್ ಬೈಕಿನ ಹ್ಯಾಂಡಲ್ ರೇಸ್ ಸೈಕಲ್ಲಿನಂತೆ ಕೆಳಕ್ಕೆ ಬಾಗಿರುತ್ತದೆ. ಟೈರ್ ಮಾತ್ರ ಸುಮಾರು 35–50 ಮಿ.ಮೀ. ಅಗಲ. ಗಾಳಿ ಕಡಿಮೆ ತುಂಬಿದರೆ ಹಿಡಿತ ಹೆಚ್ಚುತ್ತದೆ. ಇದರ ಮೊದಲ ವಿಶ್ವ ಚಾಂಪಿಯನ್‌ಷಿಪ್ 2022ರಲ್ಲಿ ಇಟಲಿಯ ವೆನೆಟೊ ಪ್ರಾಂತ್ಯದಲ್ಲಿ ನಡೆಯಿತು.

ಕರ್ನಾಟಕದಲ್ಲಿ ಹಾವೇರಿ ಜಿಲ್ಲೆಯ ಬಂಡಿದಾರಿಗಳು, ಕೆರೆ ಏರಿಗಳು ಈ ಸವಾರಿಗೆ ಒಪ್ಪುವಂಥವು. ಸವಣೂರಿನಲ್ಲಿ ವೀಳ್ಯದೆಲೆ ತೋಟಗಳಿವೆ. ಅಲ್ಲಿನ ದೊಡ್ಡಹುಣಸೆ ಮಠದ ಹುಣಸೆ ಎನಿಸಿಕೊಂಡ ಮೂರು ಬೃಹತ್ ಮರಗಳು ನಿಜಕ್ಕೂ ಆಫ್ರಿಕಾ ಮೂಲದ ಬಾವೊಬಾಬ್ ಮರಗಳು. ಅವನ್ನು ನೋಡಲೆಂದೇ ಸುತ್ತು ಹಾಕಿದರೂ ಸಾರ್ಥಕ. ಶಿಗ್ಗಾಂವಿ ತಾಲ್ಲೂಕಿನಲ್ಲಿ ಕನಕದಾಸರ ಊರು ಬಾಡ, ಬಂಕಾಪುರ ಕೋಟೆಯ ನವಿಲುಧಾಮ ಇವೆ. ಹಾನಗಲ್ಲಿನ ಪಶ್ಚಿಮಕ್ಕೆ ಮಲೆನಾಡಿನ ಅಂಚು. ಎಲ್ಲಕ್ಕಿಂತ ಚೆಲುವಾದ ಹಾದಿ ಹಿರೇಕೆರೂರು ಸೀಮೆಯದು: ಕಾಡುಗುಡ್ಡಗಳ ನಡುವೆ ಕುಮುದ್ವತಿ ನದಿಗೆ ಕಟ್ಟಿದ ಮದಗ ಮಾಸೂರು ಕೆರೆ ಇಲ್ಲಿದೆ.

ಋತುವಿನ ಲೆಕ್ಕ ಮುಖ್ಯ. ಮಳೆಗಾಲದಲ್ಲಿ ಸವಣೂರು ಸೀಮೆಯ ಎರೆಮಣ್ಣು ಚಕ್ರಕ್ಕೂ ಫೋರ್ಕಿಗೂ ನಡುವೆ ಮೆತ್ತಿಕೊಂಡು ಗಾಲಿ ತಿರುಗದಂತೆ ಮಾಡುತ್ತದೆ. ಗರಸುನೆಲದಲ್ಲಿ ನೀರು ಬೇಗ ಬಸಿಯುತ್ತದೆ. ನವೆಂಬರ್‌ನಿಂದ ಫೆಬ್ರವರಿ ಹಿತಕರ. ಸುಗ್ಗಿಯಲ್ಲಿ ದಾರಿ ಮೊದಲು ಬಂಡಿ, ಟ್ರ್ಯಾಕ್ಟರ್‌ಗಳದು; ಹೊಲದ ಬದು ತುಳಿಯುವ ಮುನ್ನ ರೈತರನ್ನು ಕೇಳಬೇಕು.