ಮೀನಿನ ಮನೆಗೆ ಯಾವ ನೆಲ?

ನಿಗಡಿಯ ಪ್ರಾಧಿಕರಣದಲ್ಲಿ ಕನ್ನಡಿಗರ ಮನೆಗೆ ಹೋದರೆ ಹಲವು ಕಡೆ ಹೊರಕೋಣೆಯ ಮೂಲೆಯಲ್ಲಿ ಒಂದು ಗಾಜಿನ ಮೀನುತೊಟ್ಟಿ ಕಾಣಸಿಗುತ್ತದೆ. ಬಂದ ಅತಿಥಿಗಳು ಎಷ್ಟು ಮೀನುಗಳಿವೆ, ಯಾವ ಜಾತಿಯವು, ಏನು ತಿನ್ನುತ್ತವೆ ಎಂದೆಲ್ಲ ವಿಚಾರಿಸುತ್ತಾರೆ. ತಳಕ್ಕೆ ಏನು ಹಾಸಿದ್ದೀರಿ ಎಂದು ಕೇಳುವವರು ಮಾತ್ರ ಇಲ್ಲ. ನಾವೂ ಒಂದು ಕಾಲಕ್ಕೆ ಕೇಳಿಕೊಂಡವರಲ್ಲ. ಆ ಅಜ್ಞಾನಕ್ಕೆ ಬೆಲೆ ತೆತ್ತದ್ದು ಮಾತ್ರ ನಾವಲ್ಲ, ಎಂಟು ಮೀನುಗಳು.

ಕೆಲವು ವರ್ಷಗಳ ಹಿಂದೆ ಮಕ್ಕಳ ಒತ್ತಾಯಕ್ಕೆ ಮಣಿದು ಎರಡು ಅಡಿ ಉದ್ದದ ತೊಟ್ಟಿಯೊಂದನ್ನು ಮನೆಗೆ ತಂದೆವು. ಅಂಗಡಿಯವರು ತಳಕ್ಕೆಂದು ಅಮೃತಶಿಲೆಯ ಬಿಳಿಯ ಚೂರುಗಳನ್ನು ಕೊಟ್ಟರು. ನೋಡಲು ಸಕ್ಕರೆ ಹರಳಿನಂತೆ ಸೊಗಸಾಗಿದ್ದವು. ಅಂದು ಸಂಜೆಯೇ ನೀರು ತುಂಬಿ ಹನ್ನೊಂದು ಮೀನುಗಳನ್ನು ಬಿಟ್ಟೆವು. ಹತ್ತು ದಿನ ಕಳೆಯುವಷ್ಟರಲ್ಲಿ ಎಂಟು ಸತ್ತವು. ಕಿರಿಯ ಮಗಳು ಅಳುತ್ತಾ, "ಅಪ್ಪಾ, ನೀರು ಇಷ್ಟು ತಿಳಿಯಾಗಿದೆಯಲ್ಲ, ಮತ್ತೆ ಯಾಕೆ ಸತ್ತವು?" ಎಂದು ಕೇಳಿದಳು. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಎಂಬ ಗಾದೆ ನಮಗೆ ಗೊತ್ತಿತ್ತು. ತಿಳಿಯಾಗಿದ್ದದ್ದೆಲ್ಲ ಒಳ್ಳೆಯ ನೀರಲ್ಲ ಎಂಬುದು ಗೊತ್ತಿರಲಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ಸಿಕ್ಕಿದ ಇತಿಹಾಸವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೀನಿನ ನಂಟು ನಮ್ಮ ನಾಡಿಗೆ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥದಲ್ಲಿ 'ಮತ್ಸ್ಯವಿನೋದ' ಎಂಬ ಭಾಗವೇ ಇದೆ. ಕಡಲಿನ ಮೀನು ಯಾವುದು, ಹೊಳೆಯ ಮೀನು ಯಾವುದು, ಹುರುಪೆಯುಳ್ಳವು ಯಾವುವು, ಇಲ್ಲದವು ಯಾವುವು, ಯಾವುದಕ್ಕೆ ಯಾವ ಆಹಾರ ಎಂಬುದನ್ನು ಅಲ್ಲಿ ವಿಂಗಡಿಸಿ ಹೇಳಿದೆ. ಆದರೆ ಅದು ಗಾಳ ಹಾಕುವ ವಿನೋದದ ಮಾತು, ಮನೆಯಲ್ಲಿ ಸಾಕುವ ಮಾತಲ್ಲ. ನಮ್ಮ ಹಳ್ಳಿಗಳಲ್ಲಿ ನೀರು ಶುಚಿಯಾಗಿರಲೆಂದು ಬಾವಿಗೆ ನಾಲ್ಕು ಮೀನು, ಒಂದು ಆಮೆ ಬಿಡುವ ವಾಡಿಕೆಯೂ ಇತ್ತು. ಬಾವಿಗೆ ಮಣ್ಣಿನ ತಳ ತಾನಾಗಿಯೇ ಇರುತ್ತಿದ್ದುದರಿಂದ ಅದರ ವಿಷಯ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ತಳವಿಲ್ಲದೆ ಮೀನು ಸಾಕಿದವರಲ್ಲಿ ಚೀನೀಯರು ಪ್ರಸಿದ್ಧರು. ಹೊಂಬಣ್ಣದ ಮೀನುಗಳನ್ನು ಪಿಂಗಾಣಿಯ ಬೋಗುಣಿಗಳಲ್ಲಿಟ್ಟು ಮೇಲಿನಿಂದ ನೋಡಿ ಆನಂದಿಸುವ ಕಲೆ ಅವರದು. ಈ ಮೀನುಗಳ ಸಾಕಣೆಯ ಮೇಲೆ ಜಾಂಗ್ ಚಿಯಾನ್‌ದೆ ಎಂಬಾತ ೧೫೯೬ರಲ್ಲಿಯೇ ಪುಸ್ತಕ ಬರೆದನು. ಬರಿ ಬೋಗುಣಿಯಲ್ಲಿ ಸಾಕುವುದೆಂದರೆ ಪದೇ ಪದೇ ನೀರು ಬದಲಾಯಿಸುವ ಚಾಕರಿ. ಆಳುಕಾಳುಗಳಿದ್ದ ಮನೆಗೆ ಸರಿ. ಬೆಳಿಗ್ಗೆ ಏಳಕ್ಕೆ ಪಾಳಿಗೆ ಓಡುವ ನಮ್ಮಂಥವರಿಗಲ್ಲ.

ನೀರು ಬದಲಿಸದೆ ಮೀನು ಬದುಕಬಹುದೆ ಎಂಬ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಎತ್ತಿಕೊಂಡವನು ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್. ೧೮೪೯ರಲ್ಲಿ ಆತ ಹನ್ನೆರಡು ಗ್ಯಾಲನ್ ಹಿಡಿಯುವ ಗಾಜಿನ ಪಾತ್ರೆಯೊಂದನ್ನು ತೆಗೆದುಕೊಂಡು ಅರ್ಧದಷ್ಟು ನೀರು ತುಂಬಿದನು. ತಳಕ್ಕೆ ಮರಳು ಮತ್ತು ಕೆಸರು ಹಾಕಿ, ಸುಣ್ಣಕಲ್ಲು, ಮರಳುಗಲ್ಲುಗಳ ದೊಡ್ಡ ತುಂಡುಗಳನ್ನು ಪೇರಿಸಿದನು. ಆ ಕೆಸರಿನಲ್ಲಿ ವ್ಯಾಲಿಸ್ನೇರಿಯಾ ಎಂಬ ನೀರುಗಿಡವನ್ನು ಬೇರುಸಹಿತ ನೆಟ್ಟು ಎರಡು ಹೊಂಬಣ್ಣದ ಮೀನು ಬಿಟ್ಟನು. ಕೆಲವು ದಿನಗಳಲ್ಲಿ ಹಳೆಯ ಎಲೆಗಳು ಕೊಳೆತು ನೀರು ಕದಡಿತು. ಆಗ ಕೊಳದ ಬಸವನಹುಳುಗಳನ್ನು ಬಿಟ್ಟನು. ಅವು ಕೊಳೆತದ್ದನ್ನು ತಿಂದವು, ಅವುಗಳ ಮೊಟ್ಟೆಗಳನ್ನು ಮೀನು ತಿಂದಿತು, ಮೀನಿನ ಕಲ್ಮಷ ಗಿಡಕ್ಕೆ ಗೊಬ್ಬರವಾಯಿತು. ಈ ಪ್ರಯೋಗದ ವರದಿ ೧೮೫೦ರಲ್ಲಿ ಪ್ರಕಟವಾಯಿತು. ಇಂಗ್ಲೆಂಡಿನಲ್ಲಿ ಗಾಜಿನ ಮೇಲಿನ ತೆರಿಗೆ ೧೮೪೫ರಲ್ಲಿ ರದ್ದಾಗಿ ಗಾಜು ಅಗ್ಗವಾಗಿತ್ತು. ೧೮೫೩ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕ ಮೀನುಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕದಿಂದ 'ಅಕ್ವೇರಿಯಂ' ಎಂಬ ಹೆಸರು ಮನೆಮಾತಾಯಿತು. ಹೀಗೆ ಮನೆಯ ಮೀನುತೊಟ್ಟಿ ಹುಟ್ಟಿದ್ದೇ ಕೆಸರಿನ ತಳದ ಮೇಲೆ ಎಂಬುದನ್ನು ಮರೆಯಬಾರದು.

ಆದರೆ ಆ ತಳದಲ್ಲಿ ನಿಜವಾಗಿ ಏನು ನಡೆಯುತ್ತದೆ? ಅದಕ್ಕೆ ಉತ್ತರ ಬಂದದ್ದು ಮೀನಿನ ಶಾಸ್ತ್ರದಿಂದಲ್ಲ, ಚರಂಡಿಯ ಶಾಸ್ತ್ರದಿಂದ. ೧೮೭೭ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬಿಬ್ಬರು ವಿಜ್ಞಾನಿಗಳು ಕೊಳವೆಯೊಂದರಲ್ಲಿ ಮರಳನ್ನೂ ಸುಣ್ಣಕಲ್ಲನ್ನೂ ತುಂಬಿ ಅದರ ಮೂಲಕ ಕೊಳಚೆ ನೀರನ್ನು ನಿಧಾನವಾಗಿ ಇಳಿಸಿದರು. ಮೊದಲ ಇಪ್ಪತ್ತು ದಿನ ಏನೂ ಆಗಲಿಲ್ಲ. ಅನಂತರ ನೀರಿನಲ್ಲಿದ್ದ ಅಮೋನಿಯಾ ಮಾಯವಾಗಿ ಅದರ ಜಾಗದಲ್ಲಿ ನೈಟ್ರೇಟ್ ಕಾಣಿಸಿತು. ಕ್ಲೋರೋಫಾರ್ಮ್ ಹಾಯಿಸಿದಾಗ ಈ ಕ್ರಿಯೆ ನಿಂತುಹೋಯಿತು. ಅಂದರೆ ಕೆಲಸ ಮಾಡುತ್ತಿದ್ದುದು ಮರಳಲ್ಲ, ಮರಳಿಗೆ ಅಂಟಿಕೊಂಡ ಜೀವಿಗಳು ಎಂದಾಯಿತು. ಆ ಸೂಕ್ಷ್ಮಾಣುಗಳನ್ನು ೧೮೯೦ರ ಸುಮಾರಿಗೆ ರಷ್ಯದ ವಿನೋಗ್ರಾಡ್‌ಸ್ಕಿ ಬೇರ್ಪಡಿಸಿ ತೋರಿಸಿದನು.

ನಮ್ಮ ಮಗಳ ಪ್ರಶ್ನೆಗೆ ಉತ್ತರ ಇಲ್ಲಿದೆ. ಮೀನು ವಿಸರ್ಜಿಸುವ ಅಮೋನಿಯಾ ವಿಷ. ಅದಕ್ಕೆ ಬಣ್ಣವಿಲ್ಲ, ನೀರು ತಿಳಿಯಾಗಿಯೇ ಕಾಣುತ್ತದೆ. ಅದನ್ನು ನಿರಪಾಯಕರವಾಗಿ ಮಾರ್ಪಡಿಸುವ ಜೀವಿಗಳು ತಳದ ಹರಳುಗಳ ಮೇಲೆ, ಶೋಧಕದ ಸ್ಪಂಜಿನಲ್ಲಿ ನೆಲೆಯೂರಲು ಮೂರು ನಾಲ್ಕು ವಾರಗಳಾದರೂ ಬೇಕು. ನಾವು ಮೂರು ನಾಲ್ಕು ಗಂಟೆಯನ್ನೂ ಕೊಡಲಿಲ್ಲ. ಸಾಲದ್ದಕ್ಕೆ ಅಮೃತಶಿಲೆಯೆಂದರೆ ಸುಣ್ಣಕಲ್ಲಿನ ಬಂಧು. ಅದು ಕರಗುತ್ತ ನೀರಿನ ಕ್ಷಾರವನ್ನು ಏರಿಸುತ್ತದೆ. ಕ್ಷಾರ ಏರಿದಷ್ಟೂ ಅಮೋನಿಯಾದ ವಿಷ ಬಲಿಯುತ್ತದೆ. ವಾರಿಂಗ್ಟನ್ನನೂ ಸುಣ್ಣಕಲ್ಲು ಇಟ್ಟಿದ್ದನಲ್ಲ ಎಂದು ಕೇಳಬಹುದು. ಅವನದು ಗಡಸುನೀರನ್ನು ತಡೆಯಬಲ್ಲ ಮೀನು, ಅದೂ ಎರಡೇ. ಗಿಡ ಬೇರೆ ಇತ್ತು.

ಮುಂದಿನ ಹೆಜ್ಜೆ ಗಿಡಗಳದ್ದು. ಇಪ್ಪತ್ತನೆಯ ಶತಮಾನದ ನಡುಗಾಲದಲ್ಲಿ ಹರಳಿನ ಹಾಸಿನ ಕೆಳಗೆ ರಂಧ್ರದ ತಟ್ಟೆಯಿಟ್ಟು ನೀರನ್ನು ಕೆಳಕ್ಕೆಳೆಯುವ ಶೋಧಕ ಬಳಕೆಗೆ ಬಂದು, ಕೆಸರು ಮೂಲೆಗುಂಪಾಯಿತು. ಮೀನುಗಳು ಸುಖವಾಗಿದ್ದವು, ಬೇರು ಬಿಡುವ ಗಿಡಗಳು ಸೊರಗಿದವು. ಆಗ ಜರ್ಮನಿಯ ಕಾಸ್ಪರ್ ಹೋರ್ಸ್ಟ್ ಮತ್ತು ಹೋರ್ಸ್ಟ್ ಕಿಪ್ಪರ್ ಎಂಬಿಬ್ಬರು, ನೀರುಗಿಡಗಳು ಹುಲುಸಾಗಿ ಬೆಳೆಯುವ ಏಷ್ಯಾದ ತೊರೆಗಳನ್ನು ಪರೀಕ್ಷಿಸಿ, ತೊಟ್ಟಿಯ ತಳಕ್ಕೆ ಕಬ್ಬಿಣದಂಶವುಳ್ಳ ಕೆಂಪು ಲ್ಯಾಟರೈಟ್ ಬೆರೆಸುವ ಪದ್ಧತಿಯನ್ನು ಪ್ರಚಾರಕ್ಕೆ ತಂದರು. ೧೯೮೦ರ ದಶಕದಲ್ಲಿ ಅದು ದುಬಾರಿ ಡಬ್ಬಿಗಳಲ್ಲಿ ಮಾರಾಟವಾಗತೊಡಗಿತು.

ಈ ಲ್ಯಾಟರೈಟ್ ಎಂದರೆ ಯಾವುದೋ ಪರದೇಶದ ಮಾಯಾವಸ್ತುವಲ್ಲ. ನಮ್ಮ ಉತ್ತರ ಕನ್ನಡದವರು ಚಿರೆಕಲ್ಲು ಎನ್ನುವುದು, ಮಂಗಳೂರು ಕಾಸರಗೋಡಿನವರು ಮುರಕಲ್ಲು ಎನ್ನುವುದು, ಘಟ್ಟದ ಮೇಲಿನವರು ಜಂಬಿಟ್ಟಿಗೆ ಎನ್ನುವುದು ಇದನ್ನೇ. ಟಿಪ್ಪುವಿನ ಪತನಾನಂತರ ಮೈಸೂರು, ಕೆನರಾ, ಮಲಬಾರುಗಳಲ್ಲಿ ೧೮೦೦–೦೧ರಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಮಲಬಾರಿನ ಅಂಗಾಡಿಪುರದಲ್ಲಿ ಜನರು ಈ ಕಲ್ಲನ್ನು ಮೆತ್ತಗಿರುವಾಗಲೇ ಇಟ್ಟಿಗೆಯಂತೆ ಕಡಿದು ಬಳಸುವುದನ್ನು ಕಂಡನು. ಇಟ್ಟಿಗೆಗೆ ಲ್ಯಾಟಿನಿನಲ್ಲಿರುವ ಶಬ್ದದಿಂದ ಅದಕ್ಕೆ 'ಲ್ಯಾಟರೈಟ್' ಎಂದು ಹೆಸರಿಟ್ಟನು. ಆತನ ಪ್ರವಾಸಗ್ರಂಥ ೧೮೦೭ರಲ್ಲಿ ಹೊರಬಂತು. ನಮ್ಮ ಅಜ್ಜಂದಿರು ಮನೆ ಕಟ್ಟಿದ ಕಲ್ಲು ಜರ್ಮನಿಯಲ್ಲಿ ಡಬ್ಬಿಗೆ ತುಂಬಿದ ಮೇಲೆ ಔಷಧವಾಯಿತು! ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ೧೯೯೯ರಲ್ಲಿ ಅಮೆರಿಕದ ಡಯಾನಾ ವಾಲ್‌ಸ್ಟಾಡ್ ತಮ್ಮ ಪುಸ್ತಕದಲ್ಲಿ ಇನ್ನೂ ಹಿಂದಕ್ಕೆ ಹೋಗಿ, ಹೂಕುಂಡದ ಸಾಮಾನ್ಯ ಮಣ್ಣನ್ನೇ ಒಂದಂಗುಲ ಹಾಸಿ ಮೇಲೆ ಹರಳು ಮುಚ್ಚಿದರೆ ಸಾಕೆಂದರು. ಒಂದೂವರೆ ಶತಮಾನದ ಬಳಿಕ ತೊಟ್ಟಿ ಮತ್ತೆ ವಾರಿಂಗ್ಟನ್ನನ ಕೆಸರಿಗೇ ಮರಳಿತು.

ಇನ್ನು ನಮ್ಮ ನಿಗಡಿಗೆ ಬರೋಣ. ೧೯೭೨ರಲ್ಲಿ ಸ್ಥಾಪನೆಯಾದ ನವನಗರ ಪ್ರಾಧಿಕರಣ ಇಲ್ಲಿ ಬಡಾವಣೆಗಳನ್ನು ಕಟ್ಟಿತು; ಸುತ್ತಲಿನ ಕಾರ್ಖಾನೆಗಳ ಕೆಲಸಕ್ಕೆಂದು ಬಂದ ನಮ್ಮವರು ಇಲ್ಲಿ ನೆಲೆಯೂರಿದರು. ನಲ್ಲಿಯಲ್ಲಿ ಬರುವುದು ಪವನಾ ನದಿಯ ನೀರು, ಕಾಲ ಕೆಳಗಿರುವುದು ಸುಮಾರು ಆರು ಕೋಟಿ ಅರವತ್ತು ಲಕ್ಷ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾದ ಕಪ್ಪುಕಲ್ಲು. ಈ ಕಲ್ಲು ಕಳಿತರೆ ಮುರುಮ, ಇನ್ನೂ ಕಳಿತರೆ ಎರೆಮಣ್ಣು. ಈ ಸೀಮೆಯ ಹಳ್ಳಕೊಳ್ಳಗಳ ಗರಸಿನಲ್ಲಿ ಸುಣ್ಣದ ಹರಳುಗಳು ಬೆರೆತಿರುವುದುಂಟು. ಆದ್ದರಿಂದ ಇಲ್ಲಿ ತಳಹಾಸು ಆರಿಸುವವರು ಕೆಲವು ಸಂಗತಿ ಗಮನದಲ್ಲಿಡಬೇಕು.

ಮೊದಲನೆಯದು ಸುಣ್ಣದ ಪರೀಕ್ಷೆ. ಹರಳಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಡಿ. ನೊರೆಗುಳ್ಳೆ ಎದ್ದರೆ ಸುಣ್ಣವಿದೆಯೆಂದರ್ಥ. ಸಾಧಾರಣ ಮೀನುಗಳಿಗೆ ಅದು ಬೇಡ. ಕಪ್ಪೆಚಿಪ್ಪು, ಹವಳದ ಚೂರುಗಳಿಗೂ ಇದೇ ಮಾತು. ಆಫ್ರಿಕದ ದೊಡ್ಡ ಸರೋವರಗಳ ಸಿಕ್ಲಿಡ್ ಮೀನು ಸಾಕುವವರಿಗೆ ಮಾತ್ರ ಅದೇ ಅನುಕೂಲ.

ಎರಡನೆಯದು ಗಾತ್ರ ಮತ್ತು ಅಂಚು. ಎರಡು ಮೂರು ಮಿಲಿಮೀಟರಿನ, ಅಂಚು ಸವೆದ ಬೆಣಚುಕಲ್ಲಿನ ಹರಳು ಬಹುಪಾಲು ತೊಟ್ಟಿಗಳಿಗೆ ಒಪ್ಪುತ್ತದೆ. ತೀರ ದಪ್ಪ ಹರಳಿನ ಸಂದಿಗಳಲ್ಲಿ ಉಳಿದ ಆಹಾರ ಬಿದ್ದು ಕೊಳೆಯುತ್ತದೆ. ನೆಲ ಕೆದಕುವ ಮೀಸೆಮೀನುಗಳಿಗೆ ನುಣ್ಣನೆಯ ಮರಳೇ ಬೇಕು. ಕಟ್ಟಡಕ್ಕೆ ಬಳಸುವ ಯಂತ್ರದಲ್ಲಿ ಪುಡಿಮಾಡಿದ ಮರಳಿನ ಚೂಪಿಗೆ ಅವುಗಳ ಮೀಸೆ ಸವೆದು ಹುಣ್ಣಾಗುತ್ತದೆ. ದಕ್ಷಿಣ ಕನ್ನಡದ ಹೊಳೆಗಳ ಮೀನೊಂದಕ್ಕೆ ಫ್ರಾನ್ಸಿಸ್ ಡೇ ಎಂಬ ವೈದ್ಯ ೧೮೭೭ರಲ್ಲಿ 'ಕೆನರೆನ್ಸಿಸ್' ಎಂದು ನಮ್ಮ ಕೆನರಾದ ಹೆಸರನ್ನೇ ಇಟ್ಟನು. ಅಂಥ ಹೊಳೆಮೀನಿಗೆ ಮರಳು, ನುಣುಪು ಕಲ್ಲುಗಳ ನಡುವೆಯೇ ತವರಿನ ನೆಮ್ಮದಿ.

ಮೂರನೆಯದು ಅಳತೆ. ಎರಡು ಅಡಿ ಉದ್ದ, ಒಂದು ಅಡಿ ಅಗಲದ ತೊಟ್ಟಿಗೆ ಎರಡು ಅಂಗುಲ ದಪ್ಪ ಹಾಸಲು ಸುಮಾರು ೧೫ ಕಿಲೋ ಮರಳು ಬೇಕು. ಬಕೆಟ್ಟಿನಲ್ಲಿ ಹಾಕಿ, ಅಕ್ಕಿ ತೊಳೆದಂತೆ, ನೀರು ತಿಳಿಯಾಗುವವರೆಗೆ ತೊಳೆಯಿರಿ. ಗಿಡ ನೆಡುವ ಇರಾದೆಯಿದ್ದರೆ ಕೆಳಗೆ ತೆಳ್ಳಗೆ ಮಣ್ಣನ್ನೋ ಮುರಕಲ್ಲಿನ ಪುಡಿಯನ್ನೋ ಹರಡಿ ಮೇಲೆ ಮರಳು ಮುಚ್ಚಬೇಕು. ರಾಸಾಯನಿಕ ಗೊಬ್ಬರ ಬೆರೆತ ಮಣ್ಣು ಸಲ್ಲದು.

ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ನಮಗೆ ಹೇಳಿದವರು ಯಾವ ಪಂಡಿತರೂ ಅಲ್ಲ, ನೆರೆಮನೆಯ ವೃದ್ಧೆ. ಅಫಜಲಪುರದ ಕಡೆಯವರು, ಮಗನ ಮನೆಗೆ ಬಂದಿದ್ದರು. ನಾವು ಚೀಲ ಹಿಡಿದು ಪವನೆಯ ದಡಕ್ಕೆ ಹೊರಟಿದ್ದನ್ನು ಕಂಡು ಎಲ್ಲಿಗೆಂದು ಕೇಳಿದರು. ಹೇಳಿದೆವು.

"ತಮ್ಮಾ, ಈ ನೀರು ಕಡೀಕ ಎಲ್ಲಿಗಿ ಬರ್ತದ ಗೊತ್ತದನು? ನಮ್ಮ ಭೀಮಾಕ್ಕೇ ಬರ್ತದ. ಅಲ್ಲಿ ಉಸುಕು ತುಂಬಕೊಂಡು ಹೋಗಿ ಹೋಗಿ ಹೊಳಿ ಎಲುಬು ಕಾಣಾಕತ್ತಾವ. ಉಸುಕು ಹೋದಮ್ಯಾಗ ನಮ್ಮ ಬಾವಿ ನೀರೂ ಇಳೀತು. ನೀನೂ ಯಾಕ ಕೆದರತಿ?"

"ಒಂದು ಚೀಲ ಅಷ್ಟೇ, ಅವ್ವಾ" ಎಂದೆವು.

"ಎಲ್ಲಾರೂ ಹಂಗೇ ಅಂತಾರಪಾ" ಎಂದರು.

ಭೂಪಟ ಬಿಡಿಸಿ ನೋಡಿದೆವು. ಪವನಾ ಮುಳಾ ನದಿಯನ್ನು, ಮುಳಾ ಮುಠಾ ನದಿಯನ್ನು ಸೇರಿ, ಮುಂದೆ ಭೀಮೆಯಾಗಿ ಪಂಢರಪುರವನ್ನು ದಾಟಿ, ಕಲಬುರಗಿ ಸೀಮೆಯಲ್ಲಿ ಹರಿದು, ರಾಯಚೂರಿನ ಬಳಿ ಕೃಷ್ಣೆಯಲ್ಲಿ ಒಂದಾಗುತ್ತದೆ. ಆ ತಾಯಿಯ ಮಾತು ಅಕ್ಷರಶಃ ನಿಜ. ತೊಟ್ಟಿಯ ತಳ ಮಾಡುವ ಕೆಲಸವನ್ನೇ ಹೊಳೆಯಲ್ಲಿ ಉಸುಕು ಮಾಡುತ್ತದೆ. ಕೊಳೆಯನ್ನು ತಡೆದು ಅರಗಿಸುತ್ತದೆ, ನೀರನ್ನು ಹಿಡಿದು ಬಾವಿಗಳಿಗೆ ಇಳಿಸುತ್ತದೆ. ಎಂಟು ಮೀನು ಕಳೆದುಕೊಂಡು ಈ ಪಾಠ ಕಲಿತ ನಾವು ಅದೇ ತಳವನ್ನು ಹೊಳೆಯಿಂದ ಕದಿಯಲು ಹೊರಟಿದ್ದೆವು. ಚೀಲ ಮಡಚಿಟ್ಟೆವು. ನೀರು ಶೋಧಿಸುವ ಯಂತ್ರಗಳಿಗೆಂದು ಜರಡಿ ಹಿಡಿದು ಮಾರುವ ಬೆಣಚು ಮರಳು ಪೇಟೆಯಲ್ಲಿ ಸಿಗುತ್ತದೆ, ಅದನ್ನೇ ತಂದೆವು. ಒಮ್ಮೆ ಕೊಂಡರೆ ತೊಳೆದು ತೊಳೆದು ವರ್ಷಾನುಗಟ್ಟಲೆ ಬಳಸಬಹುದು. ಹಾಗೆಯೇ, ತೊಟ್ಟಿ ಬೇಸರವಾಯಿತೆಂದು ಮೀನನ್ನೂ ಗಿಡವನ್ನೂ ಹೊಳೆಗೆ ಸುರಿಯಬೇಡಿ. ಹಾಗೆ ಬಿಟ್ಟ ಪರದೇಶದ ಸಕ್ಕರ್ ಮೀನು ಇಂದು ಭಾರತದ ಅನೇಕ ಕೆರೆ ಹೊಳೆಗಳಲ್ಲಿ ನಾಡಮೀನುಗಳಿಗೆ ಕಂಟಕವಾಗಿದೆ.

ಆ ಬಾರಿ ಒಂದು ತಿಂಗಳು ನಮ್ಮ ತೊಟ್ಟಿಯಲ್ಲಿ ಮರಳು, ನೀರು, ನಾಲ್ಕು ಗಿಡ, ಉಳಿದ ಮೂರು ಮೀನು ಮಾತ್ರ. ಅವುಗಳಿಗೂ ಆಹಾರ ಚಿಟಿಕೆಯಷ್ಟೇ. ಬಂದವರು, "ಇದೇನು, ಬರಿ ಮರಳು ಸಾಕಿದ್ದೀರಲ್ಲ!" ಎಂದು ನಕ್ಕರು. ನಗಲಿ ಎಂದುಕೊಂಡೆವು. ತಿಂಗಳು ತುಂಬಿದ ಮೇಲೆ ಎರಡೆರಡಾಗಿ ಹೊಸ ಮೀನು ಬಂದವು, ಯಾವುವೂ ಸಾಯಲಿಲ್ಲ. ಈಗ ಅತಿಥಿಗಳು ಮೀನನ್ನು ಎಣಿಸುತ್ತಿದ್ದರೆ ನಮ್ಮ ಮಗಳು ಅವರನ್ನು ತಡೆದು, "ಮೊದಲು ಕೆಳಗೆ ನೋಡಿ" ಎನ್ನುತ್ತಾಳೆ.