ಟ್ರಾಂಬೆಯ ಶೇಂಗಾ

ಮುಂಬಯಿಯಲ್ಲಿ ನೆಲೆನಿಂತ ಕನ್ನಡಿಗರಾದ ನಮಗೆ ಟ್ರಾಂಬೆ ಎಂದೊಡನೆ ನೆನಪಾಗುವುದು ಅಣುಸ್ಥಾವರ. 1956ರ ಆಗಸ್ಟಿನಲ್ಲಿ ‘ಅಪ್ಸರಾ’ ಅಲ್ಲಿ ಚಾಲನೆಗೊಂಡಿತು. ಹೋಮಿ ಭಾಭಾ ಅವರ ಹೆಸರು ಆ ನೆಲದೊಂದಿಗೆ ಬೆಸೆದುಕೊಂಡಿತು. ಅದೇ ಕೇಂದ್ರದಲ್ಲಿ ರೂಪುಗೊಂಡ ಬೀಜವೊಂದು ಧಾರವಾಡ ಸೀಮೆಯ ಹೊಲಗಳನ್ನು ಮುಟ್ಟಿದ ಸಂಗತಿ ಮಾತ್ರ ನಮ್ಮವರ ಮಾತಿನಲ್ಲಿ ಸುಳಿಯುವುದು ಅಪರೂಪ. ಅದು ಶೇಂಗಾ. ಬೆಂಗಳೂರಿನವರು ಕಡಲೆಕಾಯಿ ಎನ್ನಲಿ, ಕರಾವಳಿಯವರು ನೆಲಗಡಲೆ ಎನ್ನಲಿ, ಮರಾಠಿಗರ ನೆರೆಯಲ್ಲಿ ಬಾಳುವ ನಮಗೆ ಶೇಂಗಾ ಎಂಬುದೇ ಸಲೀಸು.

ಕಿರಣ ಹಾಯಿಸಿ ಸಸ್ಯದ ಆನುವಂಶಿಕ ಗುಣಗಳನ್ನು ಬದಲಿಸಬಹುದೆಂಬುದು 1920ರ ದಶಕದ ಕೊನೆಗೇ ತಿಳಿದಿತ್ತು. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ವಾಲ್ಟನ್ ಗ್ರೆಗರಿ ಅದನ್ನು 1949ರಲ್ಲಿ ಶೇಂಗಾಕ್ಕೆ ಅನ್ವಯಿಸಿದರು. ಟ್ರಾಂಬೆಯಲ್ಲಿ ಎಸ್. ಎಚ್. ಪಾಟೀಲ ಮತ್ತು ಸಂಗಡಿಗರು ‘ಸ್ಪ್ಯಾನಿಷ್ ಇಂಪ್ರೂವ್ಡ್’ ತಳಿಯ ಬೀಜಗಳ ಮೇಲೆ ಕ್ಷ-ಕಿರಣ ಹಾಯಿಸಿದರು. ಹಾಗೆಂದು ಆ ಶೇಂಗಾದಲ್ಲಿ ವಿಕಿರಣ ಉಳಿದಿರುವುದಿಲ್ಲ. ಕಿರಣ ಬೀಜವನ್ನು ಹಾದುಹೋಗುತ್ತದೆ, ಬದಲಾವಣೆಯಷ್ಟೇ ನಿಲ್ಲುತ್ತದೆ. ಆ ಬದಲಾವಣೆಗಳಲ್ಲಿಯೂ ಬಹುಪಾಲು ಕೆಲಸಕ್ಕೆ ಬಾರದವು. ಸಾಲುಸಾಲು ಗಿಡಗಳನ್ನು ಪೀಳಿಗೆಯಿಂದ ಪೀಳಿಗೆಗೆ ಬೆಳೆಸಿ, ಕಿತ್ತು, ಕಾಯಿ ಎಣಿಸಿ, ಬೇಕಾದುದನ್ನು ಆರಿಸಿ, ಮತ್ತೆ ಸಂಕರಗೊಳಿಸುವ ದುಡಿಮೆಯೇ ಇಲ್ಲಿ ಹಿರಿದು. ಅಣುವಿನ ಮಹಿಮೆಯನ್ನು ಹೊಗಳುವವರು ಈ ದುಡಿಮೆಯನ್ನು ಮರೆಯುತ್ತಾರೆಂದು ನಮ್ಮ ಭಾವನೆ.

ದಪ್ಪ ಕಾಳಿನ ಟಿಜಿ-1 ತಳಿ 1973ರಲ್ಲಿ ‘ವಿಕ್ರಮ್’ ಎಂಬ ಹೆಸರಿನಲ್ಲಿ ಬಿಡುಗಡೆಯಾಯಿತು. ಅಕೋಲಾದ ಕೃಷಿ ವಿಶ್ವವಿದ್ಯಾಲಯದ ಜೊತೆಗೂಡಿ 1991ರಲ್ಲಿ ಹೊರತಂದ ಟಿಎಜಿ-24 ಇನ್ನೂ ದೂರ ಸಾಗಿತು. ಗಿಡ ಗಿಡ್ಡ, ಬೇಗ ಮಾಗುತ್ತದೆ. ಸೊಪ್ಪಿಗೆ ಹೋಗುವ ಸತ್ವ ಕಾಯಿಗೆ ಹೋಗುತ್ತದೆ. ಬೇಸಿಗೆಯಲ್ಲಿ ಬಾವಿಯ ನೀರನ್ನು ಅಳೆದು ಹಾಯಿಸುವವನಿಗೆ ಒಂದೆರಡು ವಾರ ಉಳಿದರೂ ಲಾಭವೇ. ಬಳಿಕ ಬಂದ ಟಿಜಿ-26 ಮತ್ತೊಂದು ಸಂಕಟವನ್ನು ಗಮನಿಸಿತು. ಗೊಂಚಲು ಶೇಂಗಾ ಕೀಳುವ ಹೊತ್ತಿಗೆ ಮಳೆ ಹಿಡಿದರೆ ಕಾಳು ನೆಲದಲ್ಲಿಯೇ ಮೊಳೆತುಬಿಡುತ್ತದೆ; ಈ ತಳಿಯ ಕಾಳು ಕೆಲವು ದಿನ ಮೊಳೆಯದೆ ಸುಪ್ತವಾಗಿರಬಲ್ಲದು.

ಸಣ್ಣ ಹಿಡುವಳಿದಾರನಿಗೆ ಇದರಲ್ಲಿ ದಕ್ಕಿದ್ದೇನು? ಶೇಂಗಾ ಸ್ವಕೀಯ ಪರಾಗಸ್ಪರ್ಶದ ಬೆಳೆ. ಒಮ್ಮೆ ಒಳ್ಳೆಯ ಬೀಜ ದೊರೆತರೆ ಮರುವರ್ಷ ಮನೆಯ ಬೀಜವನ್ನೇ ಬಿತ್ತಬಹುದು, ನೆರೆಯವನಿಗೂ ಕಡ ಕೊಡಬಹುದು. ವರ್ಷವರ್ಷವೂ ಬೀಜ ಮಾರಬಯಸುವ ಕಂಪನಿಗೆ ಇಂಥ ಬೆಳೆಯಲ್ಲಿ ಹೆಚ್ಚಿನ ಆಸಕ್ತಿ ಹುಟ್ಟದು; ಸಾರ್ವಜನಿಕ ಸಂಸ್ಥೆಗಳೇ ಇದನ್ನು ಹೊರಬೇಕಾಯಿತು. ಆದರೆ ಎಕರೆಗೆ ಸುಮಾರು 40ರಿಂದ 50 ಕಿಲೊ ಕಾಳು ಬೇಕು. ಜೋಳಕ್ಕೆ ಮೂರು-ನಾಲ್ಕು ಕಿಲೊ ಸಾಕು. ಬಿತ್ತಿದ್ದು ಹತ್ತು ಪಟ್ಟಾದರೆ ಅದೇ ಹೆಚ್ಚು. ಹೀಗಾಗಿ ಹೊಸ ತಳಿ ಬಿಡುಗಡೆಯಾದ ದಿನವೇ ಹೊಲಕ್ಕೆ ಇಳಿಯುವುದಿಲ್ಲ, ಊರಿಂದೂರಿಗೆ ಹರಡಲು ವರ್ಷಗಳೇ ಬೇಕು. ಬಿತ್ತನೆಯ ಕಾಲಕ್ಕೆ ಬೀಜ ಕೊಳ್ಳಲು ಸಾಲ ಮಾಡುವವನಿಗೆ ಆ ತನಕ ಹಳೆಯ ತಳಿಯೇ ಗತಿ.

ಧಾರವಾಡದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದೊಡನೆ ರೂಪಿಸಿದ ಟಿಡಿಜಿ-39 ಕರ್ನಾಟಕಕ್ಕೆಂದು 2009ರಲ್ಲಿ ಬಿಡುಗಡೆಯಾಯಿತು. ಟಿ ಎಂದರೆ ಟ್ರಾಂಬೆ, ಡಿ ಎಂದರೆ ಧಾರವಾಡ. ನಮ್ಮ ಎರಡು ನೆಲೆಗಳು ಹೀಗೆ ಒಂದೇ ಹೆಸರಿನಲ್ಲಿ ಕೂಡಿವೆ. ಇದು ದಪ್ಪ ಕಾಳಿನದು, ಹುರಿದು ತಿನ್ನಲು ಮೆಚ್ಚುಗೆಯಾದದ್ದು. ಕಾಳು ದಪ್ಪವಾದಷ್ಟೂ ಬಿತ್ತನೆಗೆ ಹೆಚ್ಚು ಕಿಲೊ ಬೇಕೆಂಬುದನ್ನು ಮಾತ್ರ ರೈತನೇ ಲೆಕ್ಕ ಹಾಕಿಕೊಳ್ಳಬೇಕು.